ಅಭಿಜಾತ ಚೀನೀ ಕಾವ್ಯದಲ್ಲಿ ಚಿನ್ನದ ಪ್ರತೀಕ ಮತ್ತು ಆಧುನಿಕ ಮೌಲ್ಯಗಳು

1. ಪ್ರಾಸ್ತಾವಿಕ

ಚಿನ್ನವು ಬಹುತೇಕ ಎಲ್ಲ ಪ್ರಾಚೀನ ನಾಗರಿಕತೆಗಳ ಕಾವ್ಯದಲ್ಲಿ ಕಾಣಿಸಿಕೊಳ್ಳುವ ಪ್ರತೀಕ. ತುಕ್ಕು ಹಿಡಿಯದ, ಬೆಂಕಿಗೆ ಬಿದ್ದರೂ ಗುಣ ಕಳೆದುಕೊಳ್ಳದ ಈ ಲೋಹವನ್ನು ಶಾಶ್ವತತೆ, ಪರಿಶುದ್ಧತೆ, ರಾಜತ್ವ ಮತ್ತು ಸಂಪತ್ತಿನ ಸಂಕೇತವೆಂದು ಗುರುತಿಸಿ ಅಷ್ಟಕ್ಕೇ ತೃಪ್ತವಾಗುವ ವಿವೇಚನೆಗಳು ವಿರಳವಲ್ಲ. ಪ್ರತೀಕವೊಂದರ ಅರ್ಥವು ವಸ್ತುವಿನ ಗುಣದಿಂದಲೇ ಸಿದ್ಧವಾಗಿ ಬರುವುದಿಲ್ಲ. ಅದನ್ನು ಯಾರು, ಯಾವ ಸಂದರ್ಭದಲ್ಲಿ, ಯಾವುದರ ಎದುರಿಗಿಟ್ಟು ಬಳಸುತ್ತಾರೆ ಎಂಬುದನ್ನು ಅವಲಂಬಿಸಿ ಅರ್ಥವು ರೂಪುಗೊಳ್ಳುತ್ತದೆ. ಚೀನೀ ಕಾವ್ಯ ಪರಂಪರೆಯು ಈ ಮಾತಿಗೆ ಉತ್ತಮ ನಿದರ್ಶನವಾಗಿದೆ.

ಪ್ರಸ್ತುತ ಲೇಖನವು ತಾಂಗ್ (618–907) ಮತ್ತು ಸಾಂಗ್ (960–1279) ಅರಸುಮನೆತನಗಳ ಕಾಲದ ಕೆಲವು ಪ್ರಸಿದ್ಧ ಕವಿತೆಗಳನ್ನು ಹಾಗೂ ಅವುಗಳ ಹಿಂದಿರುವ ಹಾನ್ ಕಾಲದ ಹಾಡು, ಐತಿಹ್ಯಗಳನ್ನು ಆಧರಿಸಿ ಚಿನ್ನದ ಪ್ರತೀಕದ ಚಲನೆಯನ್ನು ಗುರುತಿಸುತ್ತದೆ. ಈ ಕಾವ್ಯದಲ್ಲಿ ಚಿನ್ನವು ಹಲವು ಸಲ ಸೋಲುವುದಕ್ಕಾಗಿಯೇ ತಕ್ಕಡಿಗೆ ಬರುತ್ತದೆ. ಎದುರು ತಟ್ಟೆಯಲ್ಲಿರುವ ಪತ್ರ, ಯೌವನ, ಗೆಳೆತನ, ನೆನಪುಗಳು ಅದಕ್ಕಿಂತ ಭಾರವಾಗುತ್ತವೆ. ಆಧುನಿಕ ಚೀನಾದ ಸಾರ್ವಜನಿಕ ಮಾತಿನಲ್ಲಾದರೋ ಚಿನ್ನವು ಬೆಲೆಯ ಸಾಕ್ಷಿಯಾಗಿ ಬರುತ್ತದೆ. ಒಂದು ವಸ್ತುವಿಗೆ ಮೌಲ್ಯವಿದೆ ಎಂದು ಒಪ್ಪಿಸಲು ಅದನ್ನು ಚಿನ್ನಕ್ಕೆ ಸಮವೆನ್ನಬೇಕಾಗುತ್ತದೆ. ಈ ಪಲ್ಲಟವನ್ನು ಹಿಂದಿನವರ ನಿರ್ಲೋಭ, ಇಂದಿನವರ ಲೋಭ ಎಂಬ ಸರಳ ಸೂತ್ರದಲ್ಲಿ ವಿವರಿಸಲಾಗದು. ಚಿನ್ನವನ್ನು ಕಡೆಗಣಿಸಿ ಮಾತನಾಡಿದವರು ಯಾರು, ಅದನ್ನು ಮರಳಿನಿಂದ ಸೋಸಿ ತೆಗೆದವರು ಯಾರು ಎಂಬ ಪ್ರಶ್ನೆಯನ್ನು ಜೊತೆಗಿಟ್ಟುಕೊಂಡೇ ಈ ಕವಿತೆಗಳನ್ನು ಓದಬೇಕು ಎಂಬುದು ಇಲ್ಲಿನ ವಾದವಾಗಿದೆ.

2. ‘ಜಿನ್’: ಲೋಹ ಮತ್ತು ಋತು

ಚೀನೀ ಭಾಷೆಯ ‘ಜಿನ್’ ಎಂಬ ಪದಕ್ಕೆ ಇಂದು ಚಿನ್ನವೆಂಬ ಅರ್ಥವೇ ಪ್ರಧಾನ. ಆದರೆ ಪ್ರಾಚೀನ ಬಳಕೆಯಲ್ಲಿ ಅದು ಲೋಹಮಾತ್ರವನ್ನು, ವಿಶೇಷವಾಗಿ ಕಂಚನ್ನು ಸೂಚಿಸುತ್ತಿತ್ತು. ಕಂಚಿನ ಪಾತ್ರೆಗಳ ಮೇಲಿನ ಪ್ರಾಚೀನ ಬರಹವನ್ನು ‘ಜಿನ್‌ವೆನ್’, ಅಂದರೆ ಲೋಹಲಿಪಿ, ಎಂದು ಕರೆಯುವುದು ಇದೇ ಕಾರಣಕ್ಕೆ. ಚಿನ್ನವನ್ನೇ ನಿರ್ದಿಷ್ಟವಾಗಿ ಹೇಳಬೇಕಾದಾಗ ‘ಹುವಾಂಗ್‌ಜಿನ್’, ಅಂದರೆ ಹಳದಿ ಲೋಹ, ಎಂಬ ಪದ ಬಳಕೆಯಾಗುತ್ತಿತ್ತು.

ಇದಲ್ಲದೆ ‘ಜಿನ್’ ಎಂಬುದು ಚೀನೀ ವಿಶ್ವದೃಷ್ಟಿಯ ಐದು ತತ್ತ್ವಗಳಲ್ಲಿ ಒಂದು. ಮರ, ಬೆಂಕಿ, ಮಣ್ಣು, ಲೋಹ, ನೀರು ಎಂಬ ಈ ವರ್ಗೀಕರಣದಲ್ಲಿ ಲೋಹಕ್ಕೆ ಪಶ್ಚಿಮ ದಿಕ್ಕು, ಶರತ್ಕಾಲ ಮತ್ತು ಬಿಳಿ ಬಣ್ಣ ಸಲ್ಲುತ್ತವೆ. ಹೀಗಾಗಿ ಕವಿಗಳು ಹೇಳುವ ‘ಜಿನ್‌ಫೆಂಗ್’ ಅಥವಾ ಲೋಹದ ಗಾಳಿಯು ಶರತ್ಕಾಲದ ಗಾಳಿಯೇ ಹೊರತು ಹೊಳೆಯುವ ಹಳದಿ ಗಾಳಿಯಲ್ಲ. ಸಾಂಗ್ ಕಾಲದ ಚಿನ್ ಗುವಾನ್ (1049–1100) ಏಳನೆಯ ತಿಂಗಳ ಏಳನೆಯ ರಾತ್ರಿ ಭೇಟಿಯಾಗುವ ನೇಕಾರ ಕನ್ಯೆ ಮತ್ತು ದನಗಾಹಿಯ ಜನಪದ ಕಥೆಯನ್ನು ಕುರಿತು ಬರೆದ ಪ್ರಖ್ಯಾತ ಗೀತದಲ್ಲಿ ಈ ಗಾಳಿಯು ಪಚ್ಚೆಯಂಥ ಇಬ್ಬನಿಯೊಡನೆ ಕೂಡುತ್ತದೆ. ಅಲ್ಲಿನ ಚೆಲುವು ಐಶ್ವರ್ಯದ್ದಲ್ಲ. ವರ್ಷಕ್ಕೊಮ್ಮೆ ಬಂದು ಕೂಡಲೇ ಮುಗಿದುಹೋಗುವ ಋತುವಿನದು. ಒವ್‌ಯಾಂಗ್ ಶಿಯು 1059ರಲ್ಲಿ ಬರೆದ ಶರತ್ಕಾಲದ ಸದ್ದನ್ನು ಕುರಿತ ಗದ್ಯಕಾವ್ಯದಲ್ಲಿ ಇದೇ ಲೋಹತತ್ತ್ವವು ದಂಡನೆ, ಯುದ್ಧ, ಬಾಡುವಿಕೆಗಳ ಜೊತೆ ಸೇರುತ್ತದೆ.

ಕನ್ನಡದ ಓದುಗರಿಗೆ ಇದು ಮುಖ್ಯವಾಗುವುದು ಅನುವಾದದ ಸಂದರ್ಭದಲ್ಲಿ. ಹೊಂಬಿಸಿಲು, ಹೊಂಬಣ್ಣಗಳಂಥ ಸಮಾಸಗಳಲ್ಲಿ ‘ಹೊನ್’ ಎಂಬುದು ನಮಗೆ ಹಳದಿ ಕಾಂತಿಯನ್ನೂ ಸಮೃದ್ಧಿಯನ್ನೂ ತಂದುಕೊಡುತ್ತದೆ. ಇಂಗ್ಲಿಷ್ ಅನುವಾದವನ್ನು ನೆಚ್ಚಿ ಲೋಹದ ಗಾಳಿಯನ್ನು ‘ಹೊಂಗಾಳಿ’ ಎಂದು ತಂದರೆ ಮೂಲದ ವಿರಹ ಮತ್ತು ಕ್ಷಯದ ಧ್ವನಿ ಕಳೆದು ಸುಗ್ಗಿಯ ಸಂಭ್ರಮವೊಂದು ಒಳಹೊಗುತ್ತದೆ. ‘ಹೊನ್ನು’ ಎಂಬ ಪದ ಲೋಹವನ್ನೂ ನಾಣ್ಯವನ್ನೂ ಒಟ್ಟಿಗೆ ಸೂಚಿಸುವುದರಿಂದ, ಮುಂದೆ ಚರ್ಚಿಸುವ ‘ಸಾವಿರ ಜಿನ್’ ಎಂಬ ನುಡಿಗಟ್ಟಿಗೆ ಮಾತ್ರ ಅದು ಸೊಗಸಾಗಿ ಹೊಂದುತ್ತದೆ. ಒಂದೇ ಮೂಲಪದಕ್ಕೆ ಸಂದರ್ಭಕ್ಕೆ ತಕ್ಕಂತೆ ಬೇರೆ ಬೇರೆ ಕನ್ನಡ ಪದಗಳನ್ನು ಆರಿಸಿಕೊಳ್ಳಬೇಕಾದ ಅನಿವಾರ್ಯತೆ ಇಲ್ಲಿದೆ.

ಲೋಹ ಮತ್ತು ಚಿನ್ನಗಳ ನಡುವಣ ಈ ಅಸ್ಪಷ್ಟ ಗಡಿಯನ್ನು ಕಾವ್ಯವಾಗಿಸಿದವನು 9ನೆಯ ಶತಮಾನದ ಆರಂಭದ, ಅಲ್ಪಾಯುಷಿಯಾದ ಕವಿ ಲಿ ಹೆ. ಅಮರತ್ವವನ್ನು ಬಯಸಿದ ಹಾನ್ ಸಮ್ರಾಟ ವು ಆಕಾಶದ ಇಬ್ಬನಿಯನ್ನು ಹಿಡಿಯಲು ತಟ್ಟೆ ಹೊತ್ತ ಸಿದ್ಧಪುರುಷನ ಕಂಚಿನ ಪ್ರತಿಮೆಯೊಂದನ್ನು ಚಾಂಗ್‌ಆನ್ ನಗರದಲ್ಲಿ ನಿಲ್ಲಿಸಿದ್ದ. 3ನೆಯ ಶತಮಾನದಲ್ಲಿ ವೆಯ್ ರಾಜ್ಯದ ಅರಸನು ಅದನ್ನು ಕಿತ್ತು ತನ್ನ ರಾಜಧಾನಿಗೆ ಸಾಗಿಸಲು ಆಜ್ಞಾಪಿಸಿದಾಗ ಆ ಪ್ರತಿಮೆ ಕಣ್ಣೀರಿಟ್ಟಿತೆಂಬ ಐತಿಹ್ಯವೇ ಲಿ ಹೆಯ ಕವಿತೆಯ ವಸ್ತು. ಅಮರತ್ವಕ್ಕಾಗಿ ಎರಕ ಹೊಯ್ದ ಲೋಹವು ಮರ್ತ್ಯರಂತೆ ಅಳುತ್ತದೆ. ಅದನ್ನು ಮಾಡಿಸಿದವನಾದರೋ ಎಂದೋ ಮಣ್ಣಾಗಿದ್ದಾನೆ. ಚಿನ್ನದ ಶಾಶ್ವತತೆ ಎಂಬ ಸಿದ್ಧ ಅರ್ಥವನ್ನು ಈ ಕವಿತೆ ಒಳಗಿನಿಂದಲೇ ಒಡೆಯುತ್ತದೆ.

3. ತಕ್ಕಡಿಯಲ್ಲಿ ಸೋಲುವ ಚಿನ್ನ

ತಾಂಗ್ ಕಾವ್ಯದಲ್ಲಿ ‘ಸಾವಿರ ಜಿನ್’, ‘ಹತ್ತು ಸಾವಿರ ಜಿನ್’ ಎಂಬ ಮೊತ್ತಗಳು ಮತ್ತೆ ಮತ್ತೆ ಬರುತ್ತವೆ. ಇವು ಅಂದಿನ ಸಂತೆಯ ಲೆಕ್ಕಗಳಲ್ಲ. ತಾಂಗ್ ಕಾಲದ ಜನರ ಕೈಯಲ್ಲಿ ಓಡಾಡುತ್ತಿದ್ದುದು ತಾಮ್ರದ ನಾಣ್ಯ. 621ರಲ್ಲಿ ಜಾರಿಗೆ ಬಂದ ‘ಕಾಯ್‌ಯುವಾನ್’ ನಾಣ್ಯವೇ ಮುಂದಿನ ಶತಮಾನಗಳ ನಾಣ್ಯಗಳಿಗೆ ಮಾದರಿಯಾಯಿತು. ಚಿನ್ನದ ತೂಕದಲ್ಲಿ ಮೊತ್ತ ಹೇಳುವುದು ಹಾನ್ ಕಾಲದಿಂದ, ಅದಕ್ಕೂ ಹಿಂದಿನಿಂದ ಬಂದ ಸಾಹಿತ್ಯಕ ರೂಢಿ. ಆದ್ದರಿಂದ ಕವಿ ಹತ್ತು ಸಾವಿರ ಎಂದಾಗ ಅವನು ಬೆಲೆ ಕಟ್ಟುತ್ತಿಲ್ಲ, ಬೆಲೆಯ ವ್ಯವಸ್ಥೆಯಿಂದಲೇ ಆಚೆಗೆ ಹೋಗುತ್ತಿದ್ದಾನೆ.

ದು ಫು (712–770) 757ರ ವಸಂತದಲ್ಲಿ ಬರೆದ ಕವಿತೆ ಇದಕ್ಕೆ ಶ್ರೇಷ್ಠ ಉದಾಹರಣೆ. 755ರಲ್ಲಿ ಆರಂಭವಾದ ಆನ್ ಲುಶಾನ್ ದಂಗೆಯಿಂದ ರಾಜಧಾನಿ ಚಾಂಗ್‌ಆನ್ ಬಂಡುಕೋರರ ವಶವಾಗಿದೆ. ಕವಿ ಅಲ್ಲಿಯೇ ಸಿಕ್ಕಿಹಾಕಿಕೊಂಡಿದ್ದಾನೆ. ಹೆಂಡತಿ ಮಕ್ಕಳು ದೂರದಲ್ಲಿದ್ದಾರೆ. ಆ ಸ್ಥಿತಿಯಲ್ಲಿ ಮನೆಯಿಂದ ಬರುವ ಒಂದು ಪತ್ರವನ್ನು ಅವನು ಅಪಾರ ಚಿನ್ನಕ್ಕೆ ಎದುರಾಗಿ ಇಡುತ್ತಾನೆ. ಚಿನ್ನವಿದ್ದರೂ ಪತ್ರವನ್ನು ತರುವ ದಾರಿಯಿಲ್ಲ ಎಂಬ ವಾಸ್ತವವೇ ಈ ಹೋಲಿಕೆಗೆ ಶಕ್ತಿ ಕೊಟ್ಟಿದೆ.

ಲಿ ಬಾಯ್ (701–762) ಇದೇ ತಂತ್ರವನ್ನು ಉಲ್ಲಾಸದ ಸ್ವರದಲ್ಲಿ ಬಳಸುತ್ತಾನೆ. ಮದ್ಯಪಾನಕ್ಕೆ ಆಹ್ವಾನ ನೀಡುವ ಅವನ ಪ್ರಸಿದ್ಧ ಕವಿತೆಯಲ್ಲಿ ಚೆಲ್ಲಿದ ಚಿನ್ನ ಮರಳಿ ಬಂದೀತೆಂಬ ಭರವಸೆಯಿದೆ. ಬೆಳದಿಂಗಳಿನಲ್ಲಿ ಚಿನ್ನದ ಬಟ್ಟಲು ಬರಿದಾಗಿ ನಿಲ್ಲಬಾರದೆಂಬ ಒತ್ತಾಯವಿದೆ. ಈ ಬಟ್ಟಲು ಕೇವಲ ಕವಿಕಲ್ಪನೆಯಲ್ಲ. 1970ರಲ್ಲಿ ಶಿಆನ್ ನಗರದ ಹೆಜಿಯಾ ಹಳ್ಳಿಯಲ್ಲಿ ದೊರೆತ ತಾಂಗ್ ಕಾಲದ ನಿಕ್ಷೇಪದಲ್ಲಿ 1000ಕ್ಕೂ ಹೆಚ್ಚು ವಸ್ತುಗಳಿದ್ದು, ಮಧ್ಯ ಏಷ್ಯಾದ ಶೈಲಿಯ ಪ್ರಭಾವವುಳ್ಳ ಚಿನ್ನದ ಬಟ್ಟಲುಗಳೂ ಅವುಗಳಲ್ಲಿ ಸೇರಿವೆ. ಯಾರೋ ಹೂತಿಟ್ಟು ಮರಳಿ ಬಂದು ತೆಗೆಯಲಾಗದೆ ಹೋದ ಆ ಸಂಪತ್ತು, ಬಟ್ಟಲನ್ನು ಬರಿದಾಗಿಡಬೇಡ ಎಂಬ ಕವಿಯ ಮಾತಿಗೆ ಇತಿಹಾಸವೇ ಬರೆದ ವ್ಯಾಖ್ಯಾನದಂತಿದೆ.

ಈ ವರ್ಗಕ್ಕೆ ಸೇರುವ ಇನ್ನೊಂದು ರಚನೆ ‘ಚಿನ್ನದ ಎಳೆಯ ಉಡುಪು’. ಬೆಲೆಬಾಳುವ ಉಡುಪಿಗಿಂತ ಯೌವನದ ಕಾಲ ಅಮೂಲ್ಯವೆಂಬುದು ಅದರ ಆಶಯ. 18ನೆಯ ಶತಮಾನದ ‘ತಾಂಗ್ ಮುನ್ನೂರು ಕವಿತೆಗಳು’ ಸಂಕಲನದ ಮೂಲಕ ಮನೆಮಾತಾದ ಈ ಹಾಡು ದು ಚಿಯುನಿಯಾಂಗ್ ಎಂಬ ಮಹಿಳೆಯ ಹೆಸರಿನಲ್ಲಿ ಪ್ರಚಲಿತವಾಗಿದೆ. ಕವಿ ದು ಮು ಆಕೆಯನ್ನು ಕುರಿತು ಬರೆದ ಕವಿತೆಯಿಂದ ತಿಳಿದುಬರುವಂತೆ ಆಕೆ ಈ ಹಾಡನ್ನು ಹಾಡುತ್ತಿದ್ದ ಗಾಯಕಿ. ಅಧಿಕಾರಿಯೊಬ್ಬನ ಮನೆಯಲ್ಲಿದ್ದು, ಆತ ದಂಗೆಯೆದ್ದು ನಾಶವಾದ ಮೇಲೆ ಅರಮನೆಗೆ ಸೇರಿಸಲ್ಪಟ್ಟವಳು. ಹಾಡುವವಳನ್ನು ರಚನಕಾರಳನ್ನಾಗಿ ಮಾಡಿದ್ದು ಸಂಕಲನ ಪರಂಪರೆ. ಚಿನ್ನದ ಉಡುಪನ್ನು ಲೆಕ್ಕಿಸಬೇಡ ಎಂದು ಹಾಡಿದವಳು ಒಡೆಯರಿಂದ ಒಡೆಯರಿಗೆ ಆ ಉಡುಪಿನಂತೆಯೇ ದಾಟಿಹೋದವಳು ಎಂಬುದನ್ನು ಮರೆತು ಹಾಡನ್ನು ಕೇವಲ ನೀತಿಪಾಠವಾಗಿ ಓದಿದರೆ ಅದರ ಅರ್ಧ ಅರ್ಥವೇ ಕಳೆದುಹೋಗುತ್ತದೆ.

ಬಾಯ್ ಜುಯಿ (772–846) 806ರಲ್ಲಿ ರಚಿಸಿದ ಯಾಂಗ್ ಗುಯಿಫೆಯ ಕಥನಕವನದಲ್ಲಿ ಚಿನ್ನವು ಎರಡು ಸಲ ನಿರ್ಣಾಯಕವಾಗಿ ಬರುತ್ತದೆ. 756ರಲ್ಲಿ ಮಾವೆಯ್ ಎಂಬಲ್ಲಿ ಆಕೆಯ ಸಾವಾದಾಗ ಅವಳ ಮುಡಿಯ ಆಭರಣಗಳು ನೆಲಕ್ಕೆ ಬಿದ್ದು ಎತ್ತಿಕೊಳ್ಳುವವರಿಲ್ಲದೆ ಉಳಿಯುತ್ತವೆ. ಕಾವ್ಯದ ಕೊನೆಯಲ್ಲಿ ಪರಲೋಕದಲ್ಲಿರುವ ಆಕೆ ತನ್ನ ಚಿನ್ನದ ಮುಡಿಗಡ್ಡಿಯನ್ನು ಮುರಿದು ಒಂದು ಭಾಗವನ್ನು ಸಮ್ರಾಟನಿಗೆ ಕಳುಹಿಸುತ್ತಾಳೆ. ಇಡಿಯಾಗಿದ್ದ ಒಡವೆ ಅಧಿಕಾರದ ಗುರುತಾಗಿತ್ತು. ಮುರಿದ ಮೇಲೆ ಅದು ಪ್ರೀತಿಯ ಕುರುಹಾಗುತ್ತದೆ. ಮಾರಾಟಕ್ಕೆ ನಿಲ್ಲದ ಈ ಅರ್ಧ ತುಂಡಿನಲ್ಲಿ ಪ್ರತೀಕವು ತನ್ನ ಪೂರ್ಣಾರ್ಥವನ್ನು ಪಡೆಯುತ್ತದೆ.

4. ಯಾರ ಕೈಯ ಚಿನ್ನ?

ಮೇಲಿನ ಕವಿಗಳಲ್ಲಿ ಹೆಚ್ಚಿನವರು ಪದವಿಯನ್ನು ಪಡೆದವರು ಅಥವಾ ಪದವಿಯನ್ನು ಹಂಬಲಿಸಿದವರು. ಚಿನ್ನವನ್ನು ಹಗುರಗೊಳಿಸುವ ಅವರ ನಿಲುವು ವಿದ್ವಾಂಸ-ಅಧಿಕಾರಿ ವರ್ಗದ ಆದರ್ಶಕ್ಕೆ ಸೇರಿದುದು. ಜನಪದ ಮೂಲದ ಹಾಡುಗಳನ್ನು ನೋಡಿದರೆ ಚಿತ್ರ ಬೇರೆಯಾಗುತ್ತದೆ. ಹಾನ್ ಕಾಲದ ‘ದಾರಿಬದಿಯ ಹಿಪ್ಪುನೇರಳೆ’ ಎಂಬ ಹಾಡಿನ ನಾಯಕಿ ಲುವೊಫು ತನ್ನನ್ನು ಬಯಸಿ ಬಂದ ಅಧಿಕಾರಿಯನ್ನು ತಿರಸ್ಕರಿಸುವಾಗ ತನ್ನ ಗಂಡನ ಕುದುರೆಗೆ ಚಿನ್ನದ ಲಗಾಮಿನ ಅಲಂಕಾರವಿದೆಯೆಂದು ಹೆಮ್ಮೆಯಿಂದ ಬಣ್ಣಿಸುತ್ತಾಳೆ. ಇಲ್ಲಿ ಚಿನ್ನ ತಕ್ಕಡಿಯಲ್ಲಿ ಸೋಲುವುದಿಲ್ಲ. ಅದು ಹೆಣ್ಣೊಬ್ಬಳ ಮಾತಿನ ಗುರಾಣಿಯಾಗಿ ನಿಲ್ಲುತ್ತದೆ. ಇಲ್ಲದವರು ತ್ಯಜಿಸುವುದಾದರೂ ಏನನ್ನು? ಅವರ ಹಾಡಿನಲ್ಲಿ ಚಿನ್ನದ ಬಯಕೆ ನಿಸ್ಸಂಕೋಚವಾಗಿ ವ್ಯಕ್ತವಾಗುತ್ತದೆ.

ಶಿಷ್ಟ ಮತ್ತು ಜನಪದಗಳ ಈ ಎರಡು ನಿಲುವುಗಳ ನಡುವೆ ನಿಂತವನು ಲಿಯು ಯೂಷಿ (772–842). 805ರ ಸುಧಾರಣಾ ಯತ್ನ ವಿಫಲವಾದ ಮೇಲೆ ರಾಜಧಾನಿಯಿಂದ ದೂರಕ್ಕೆ ಕಳುಹಿಸಲ್ಪಟ್ಟ ಈ ಕವಿ ಅನೇಕ ವರ್ಷಗಳನ್ನು ದಕ್ಷಿಣದ ಪ್ರಾಂತಗಳಲ್ಲಿ ಕಳೆದ. ಕುಯಿಜೌ ಪ್ರದೇಶದಲ್ಲಿ ಕೇಳಿದ ಸ್ಥಳೀಯ ಹಾಡುಗಳ ಮಾದರಿಯಲ್ಲಿ ಅವನು ರಚಿಸಿದ ‘ಬಿದಿರುಕೊಂಬೆಯ ಹಾಡುಗಳು’ ಜಾನಪದ ಅಧ್ಯಯನದ ದೃಷ್ಟಿಯಿಂದಲೂ ಅಮೂಲ್ಯವಾಗಿವೆ. ‘ಅಲೆ ತೊಳೆವ ಮರಳು’ ಎಂಬ ಧಾಟಿಯಲ್ಲಿ ಅವನು ಬರೆದ ಒಂಬತ್ತು ಕಿರುಗವಿತೆಗಳಲ್ಲಿ ಎರಡು ನಮ್ಮ ಚರ್ಚೆಗೆ ಕೇಂದ್ರವಾಗಿವೆ.

ಒಂದರಲ್ಲಿ ಕವಿ ತನ್ನ ಮೇಲಿನ ಅಪವಾದಗಳನ್ನು ಅಲೆಗಳಿಗೂ ಗಡಿಪಾರಾದವರನ್ನು ಮರಳಿಗೂ ಹೋಲಿಸಿ, ಸಾವಿರ ಸಲ ಸೋಸಿದ ಬಳಿಕವೇ ಚಿನ್ನ ದೊರೆಯುವುದೆಂಬ ಭರವಸೆ ತಾಳುತ್ತಾನೆ. ಇನ್ನೊಂದರಲ್ಲಿ ಮಂಜು ಹರಿದ ಹೊಳೆಯ ತಿರುವಿನಲ್ಲಿ ಗುಂಪುಗುಂಪಾಗಿ ಚಿನ್ನ ಸೋಸುವ ಹೆಂಗಸರು ಕಾಣಿಸುತ್ತಾರೆ. ಸುಂದರಿಯರ ಒಡವೆ, ಸಾಮಂತರ ಮುದ್ರೆಗಳೆಲ್ಲವೂ ಈ ಮರಳಿನಿಂದಲೇ ಬಂದವೆಂಬ ಸತ್ಯವನ್ನು ಕವಿ ನೆನಪಿಸುತ್ತಾನೆ. ಮೊದಲನೆಯದರಲ್ಲಿ ಚಿನ್ನ ರೂಪಕ, ಎರಡನೆಯದರಲ್ಲಿ ಅದು ದುಡಿಮೆ. ಸೋಸುವವರ ದೇಹಶ್ರಮವನ್ನು ಕಂಡದ್ದರಿಂದಲೇ ಕವಿಗೆ ತನ್ನ ರೂಪಕ ದೊರೆತಿದೆ. ಕಪ್ಪತಗುಡ್ಡದ ಸುತ್ತಿನ ಹಳ್ಳಗಳಲ್ಲಿ ಮರಳು ತೊಳೆದು ಚಿನ್ನದ ಕಣ ತೆಗೆಯುತ್ತಿದ್ದವರನ್ನು ಜಲಗಾರರೆಂದು ಕರೆಯುತ್ತಿದ್ದ ಕನ್ನಡಕ್ಕೆ ಈ ಕವಿತೆಯನ್ನು ಬರಮಾಡಿಕೊಳ್ಳಲು ಪದ ಹುಡುಕುವ ಕಷ್ಟವಿಲ್ಲ.

9ನೆಯ ಶತಮಾನದ ಉತ್ತರಾರ್ಧದ ಚಿನ್ ತಾವೋಯು ಬರೆದ ‘ಬಡ ಹುಡುಗಿ’ ಕವಿತೆಯನ್ನು ಇದರ ಜೊತೆಗಿಟ್ಟು ಓದಬೇಕು. ಸ್ವತಃ ಮದುವೆಯಾಗದ ಬಡ ಹುಡುಗಿಯೊಬ್ಬಳು ವರ್ಷ ವರ್ಷವೂ ಚಿನ್ನದ ಎಳೆಯಿಂದ ಕಸೂತಿ ಹಾಕುತ್ತ ಪರರ ಮದುವೆಯ ಉಡುಪನ್ನು ಹೊಲಿಯುತ್ತಾಳೆ. ಇದನ್ನು ತಕ್ಕ ಮನ್ನಣೆ ಸಿಗದೆ ಬೇರೆಯವರಿಗಾಗಿ ಬರೆದುಕೊಡುವ ವಿದ್ವಾಂಸನ ಅನ್ಯೋಕ್ತಿಯೆಂದು ವ್ಯಾಖ್ಯಾನಕಾರರು ಓದಿದ್ದಾರೆ. ಆ ಓದು ಸರಿಯಾದುದೇ. ಆದರೂ ಅನ್ಯೋಕ್ತಿಯ ಅವಸರದಲ್ಲಿ ಸೂಜಿ ಹಿಡಿದ ಕೈ ಮರೆಯಾಗಬಾರದು. ಹಿಂದಿನ ವಿಭಾಗದಲ್ಲಿ ನೋಡಿದ ಚಿನ್ನದ ಎಳೆಯ ಉಡುಪನ್ನು ಹಾಡಿದವಳೊಬ್ಬಳು. ಅಂಥ ಉಡುಪನ್ನು ಹೊಲಿದವಳು ಇವಳು. ಎರಡೂ ಕವಿತೆಗಳನ್ನು ಒಟ್ಟಿಗೆ ಇಟ್ಟಾಗ ಚಿನ್ನವನ್ನು ಲೆಕ್ಕಿಸಬೇಡವೆಂಬ ಉಪದೇಶ ಯಾರಿಗೆ ಸಲ್ಲುತ್ತದೆ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ.

5. ಚಿನ್ನದ ಮನೆಯ ಮೂರು ಅರ್ಥಗಳು

ಬೆಲೆಯ ಆಚೆಗಿರುವುದನ್ನು ಹೇಳಲು ಬಂದ ಚಿನ್ನವು ಬಹುಮಾನವಾಗಿ ಮಾರ್ಪಡುವ ಪ್ರಕ್ರಿಯೆ ಆಧುನಿಕ ಕಾಲಕ್ಕಿಂತ ಬಹು ಹಿಂದೆಯೇ ಆರಂಭವಾಗಿದೆ. ‘ಚಿನ್ನದ ಮನೆ’ ಎಂಬ ಆಶಯ ಇದಕ್ಕೆ ಸಾಕ್ಷಿ. ಐತಿಹ್ಯದ ಪ್ರಕಾರ ಹಾನ್ ಸಮ್ರಾಟ ವು ಬಾಲಕನಾಗಿದ್ದಾಗ, ಚೆನ್ ಮನೆತನದ ಆಜಿಯಾವೊ ತನಗೆ ದೊರೆತರೆ ಅವಳನ್ನು ಚಿನ್ನದ ಮನೆಯಲ್ಲಿರಿಸುವೆನೆಂದು ಹೇಳಿದ್ದ. ಆಕೆ ರಾಣಿಯಾದಳು, ಕ್ರಿ.ಪೂ. 130ರಲ್ಲಿ ಪದಚ್ಯುತಳಾದಳು. ಸಮ್ರಾಟನ ಒಲವನ್ನು ಮರಳಿ ಪಡೆಯಲು ಆಕೆ ನೂರು ತೂಕ ಚಿನ್ನ ಕೊಟ್ಟು ಕವಿ ಸಿಮಾ ಶಿಯಾಂಗ್‌ರುವಿನಿಂದ ಕಾವ್ಯ ಬರೆಯಿಸಿದಳೆಂದು 6ನೆಯ ಶತಮಾನದ ‘ವೆನ್ ಶುವಾನ್’ ಸಂಕಲನದಲ್ಲಿರುವ ಆ ಕೃತಿಯ ಮುನ್ನುಡಿ ಹೇಳುತ್ತದೆ. ಚಿನ್ನದ ಮನೆಯ ವಾಗ್ದಾನದಿಂದ ಆರಂಭವಾದ ಬದುಕು ಚಿನ್ನ ಕೊಟ್ಟು ಕಾವ್ಯವನ್ನು ಕೊಳ್ಳುವಲ್ಲಿಗೆ ಮುಟ್ಟುತ್ತದೆ. 1179ರಲ್ಲಿ ಶಿನ್ ಚಿಜಿ ತನ್ನ ಗೀತವೊಂದರಲ್ಲಿ ಈ ಪ್ರಸಂಗವನ್ನು ನೆನೆದು, ಅಂಥ ಕಾವ್ಯವನ್ನು ಕೊಂಡರೂ ಒಡಲಾಳದ ಭಾವವನ್ನು ಹೇಳಿಕೊಳ್ಳುವುದು ಯಾರಲ್ಲಿ ಎಂದು ಕೇಳುತ್ತಾನೆ. ಇಂದಿನ ಮಾತಿನಲ್ಲಾದರೋ ಚಿನ್ನದ ಮನೆಯಲ್ಲಿ ಚೆಲುವೆಯನ್ನಿಡುವುದೆಂದರೆ ಗುಟ್ಟಾಗಿ ಇಟ್ಟುಕೊಂಡ ಹೆಣ್ಣಿಗೆ ಮನೆ ಮಾಡಿಕೊಡುವುದು ಎಂದೇ ಅರ್ಥ.

ಈ ಆಶಯಕ್ಕೆ ಮೂರನೆಯ ಅರ್ಥ ಸೇರಿದ್ದು ಸಾಂಗ್ ಸಮ್ರಾಟ ಜೆನ್‌ಜೋಂಗನದೆಂದು (ಆಳ್ವಿಕೆ 997–1022) ಪ್ರತೀತಿಯಿರುವ ವಿದ್ಯಾಪ್ರೋತ್ಸಾಹಕ ಪದ್ಯದಿಂದ. ಧಾನ್ಯ, ಚಿನ್ನದ ಮನೆ, ಚೆಲುವೆ ಎಲ್ಲವೂ ಪುಸ್ತಕದೊಳಗೇ ಇವೆಯೆಂದು ಅದು ವಿದ್ಯಾರ್ಥಿಗೆ ಆಸೆ ತೋರಿಸುತ್ತದೆ. ರಾಜ್ಯಪರೀಕ್ಷಾ ಪದ್ಧತಿಯ ಮೌಲ್ಯವ್ಯವಸ್ಥೆ ಇಲ್ಲಿ ಬಟ್ಟಬಯಲಾಗಿದೆ. ಆ ಪದ್ಧತಿ 1905ರಲ್ಲಿ ರದ್ದಾದರೂ ತೇರ್ಗಡೆಯಾದವರ ‘ಚಿನ್ನದ ಪಟ್ಟಿ’ ಎಂಬ ಮಾತು ಇಂದಿನ ಕಾಲೇಜು ಪ್ರವೇಶ ಪರೀಕ್ಷೆಯ ಸಂದರ್ಭದಲ್ಲೂ ಬಳಕೆಯಲ್ಲಿದೆ. ತಾಂಗ್ ಕಾಲದ ಕೊನೆಯ ಕವಿ ವಾಂಗ್ ಜೆನ್‌ಬಾಯ್ ಅಧ್ಯಯನದಲ್ಲಿ ಮುಳುಗಿ ವಸಂತ ಕಳೆದುದನ್ನೇ ಅರಿಯದ ತನ್ಮಯತೆಯನ್ನು ಹೇಳುತ್ತ ಕಾಲವನ್ನು ಚಿನ್ನಕ್ಕೆ ಸರಿಸಮವೆಂದ. ಅದೇ ನುಡಿ ಮುಂದೆ ಗಾದೆಯಾಗಿ ಹಬ್ಬಿದಾಗ ಜನರು ಅದಕ್ಕೆ ಇನ್ನೊಂದು ಅರ್ಧವನ್ನು ಸೇರಿಸಿ, ಚಿನ್ನ ಕೊಟ್ಟರೂ ಕಾಲವನ್ನು ಕೊಳ್ಳಲಾಗದೆಂದು ತಿದ್ದಿದರು. ಕವಿ ಸಮಮಾಡಿದ ತಕ್ಕಡಿಯನ್ನು ಗಾದೆ ಮತ್ತೆ ಕಾಲದ ಕಡೆಗೆ ಬಾಗಿಸಿತು. ಮೌಖಿಕ ಪರಂಪರೆಯು ಲಿಖಿತ ಕಾವ್ಯವನ್ನು ಕೇವಲ ಅನುಕರಿಸುವುದಿಲ್ಲ, ವಿಮರ್ಶಿಸಿ ಪೂರ್ಣಗೊಳಿಸುತ್ತದೆ ಎಂಬುದಕ್ಕೆ ಇದು ಮಹತ್ತ್ವದ ಆಧಾರ.

6. ಚಿನ್ನದ ಬೆಟ್ಟ: ಆಧುನಿಕ ಪಲ್ಲಟಗಳು

1848ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕಿದ ಸುದ್ದಿ ಹಬ್ಬಿದ ಮೇಲೆ ದಕ್ಷಿಣ ಚೀನಾದ ಗುವಾಂಗ್‌ಡಾಂಗ್ ಪ್ರಾಂತದಿಂದ ಸಾವಿರಾರು ಜನ ಅಲ್ಲಿಗೆ ವಲಸೆ ಹೋದರು. ಆ ನಾಡಿಗೆ ‘ಚಿನ್ನದ ಬೆಟ್ಟ’ ಎಂಬ ಹೆಸರು ಬಂತು. ಸ್ಯಾನ್ ಫ್ರಾನ್ಸಿಸ್ಕೊ ನಗರವನ್ನು ಚೀನೀಯರು ಇಂದಿಗೂ ‘ಹಳೆಯ ಚಿನ್ನದ ಬೆಟ್ಟ’ ಎನ್ನುತ್ತಾರೆ. ಆ ನಗರದ ಚೀನೀ ಬಡಾವಣೆಯಲ್ಲಿ 1911 ಮತ್ತು 1915ರಲ್ಲಿ ಪ್ರಕಟವಾದ ‘ಚಿನ್ನದ ಬೆಟ್ಟದ ಹಾಡುಗಳು’ ಎಂಬ ಸಂಕಲನಗಳು ಕ್ಯಾಂಟನೀಸ್ ಜನಪದ ಧಾಟಿಯಲ್ಲಿವೆ. 1882ರಿಂದ 1943ರವರೆಗೆ ಜಾರಿಯಲ್ಲಿದ್ದ ಚೀನೀ ವಲಸೆ ನಿಷೇಧ ಕಾನೂನಿನ ಅವಮಾನ, ತಿರುಗಿ ಹೋಗಲಾಗದ ಗಂಡಸರ ಒಂಟಿತನ, ಊರಿನಲ್ಲಿ ಕಾದು ಮುಪ್ಪಾದ ಹೆಂಡತಿಯರ ಅಳಲು ಅವುಗಳಲ್ಲಿ ತುಂಬಿವೆ. ಲಾಭಕ್ಕಾಗಿ ಅಗಲಿಕೆಯನ್ನು ಹಗುರವಾಗಿ ಕಾಣುವ ವ್ಯಾಪಾರಿ ಗಂಡನನ್ನು ಬಾಯ್ ಜುಯಿ 816ರಲ್ಲೇ ತನ್ನ ‘ಪಿಪಾ’ ಕವಿತೆಯಲ್ಲಿ ಚಿತ್ರಿಸಿದ್ದ. ಅಲ್ಲಿ ಕವಿಯ ಮೂಲಕ ಕೇಳಿದ ಹೆಣ್ಣಿನ ದನಿ ಇಲ್ಲಿ ಜನಪದರ ಧಾಟಿಯಲ್ಲಿ ಮರುಕಳಿಸಿದೆ. ಚಿನ್ನದ ಬೆಟ್ಟದ ಹಾಡುಗಳನ್ನು ವಲಸೆಯ ಚರಿತ್ರೆಯ ದಾಖಲೆಗಳೆಂದು ಮಾತ್ರ ನೋಡದೆ, ತಾಂಗ್ ಕಾವ್ಯದ ಪ್ರತೀಕ ಪರಂಪರೆಯ ಮುಂದುವರಿಕೆಯೆಂದೂ ನೋಡುವುದು ಅಗತ್ಯ.

ಇಂದಿನ ಚೀನಾದಲ್ಲಿ ಚಿನ್ನದ ಸ್ಥಾನ ಬಹಳ ಬದಲಾಗಿದೆ. 2002ರ ಅಕ್ಟೋಬರಿನಲ್ಲಿ ಶಾಂಘೈ ಚಿನ್ನ ವಿನಿಮಯ ಕೇಂದ್ರ ಆರಂಭವಾಗುವವರೆಗೆ ಚಿನ್ನದ ವಹಿವಾಟು ಸರ್ಕಾರಿ ಕೇಂದ್ರ ಬ್ಯಾಂಕಿನ ಹಿಡಿತದಲ್ಲಿತ್ತು. 2013ರಲ್ಲಿ ಬೆಲೆ ಕುಸಿದಾಗ ಮಧ್ಯವಯಸ್ಸಿನ ಗೃಹಿಣಿಯರು ಮುಗಿಬಿದ್ದು ಕೊಂಡದ್ದು ಲೋಕದ ಸುದ್ದಿಯಾಯಿತು. ಆ ವರ್ಷ ಚೀನಾ ಚಿನ್ನದ ಬಳಕೆಯಲ್ಲಿ ಭಾರತವನ್ನು ಹಿಂದಿಕ್ಕಿತು. ಮದುವೆಯಲ್ಲಿ ಉಂಗುರ, ಓಲೆ, ಸರ ಎಂಬ ‘ಮೂರು ಚಿನ್ನ’ಗಳ ನಿರೀಕ್ಷೆಯಿದೆ. ಈಚಿನ ವರ್ಷಗಳಲ್ಲಿ ಯುವಜನರು 1 ಗ್ರಾಂ ತೂಕದ ಚಿನ್ನದ ಕಾಳುಗಳನ್ನು ಒಂದೊಂದಾಗಿ ಕೂಡಿಡುವುದು ರೂಢಿಗೆ ಬಂದಿದೆ. ಇವನ್ನೆಲ್ಲ ಲೋಭವೆಂದು ತಳ್ಳಿಹಾಕುವುದು ವಿದ್ವಾಂಸ-ಅಧಿಕಾರಿಯ ಹಳೆಯ ನಿಲುವನ್ನೇ ಪುನರುಚ್ಚರಿಸಿದಂತಾಗುತ್ತದೆ. ನಾಳಿನ ಬಗ್ಗೆ ಭರವಸೆಯಿಲ್ಲದವರ ಕೈಯಲ್ಲಿ ಆ ಕಾಳು, ಲುವೊಫುವಿನ ಮಾತಿನಲ್ಲಿದ್ದ ಚಿನ್ನದ ಲಗಾಮಿನಂತೆ, ಒಂದು ರಕ್ಷೆಯೇ.

ನಿಜವಾದ ಪಲ್ಲಟ ಕಾಣುವುದು ಅಧಿಕೃತ ಭಾಷೆಯಲ್ಲಿ. 2005ರ ಆಗಸ್ಟಿನಲ್ಲಿ ಆಗ ಜೆಜಿಯಾಂಗ್ ಪ್ರಾಂತದ ಪಕ್ಷದ ಕಾರ್ಯದರ್ಶಿಯಾಗಿದ್ದ ಶಿ ಜಿನ್‌ಪಿಂಗ್ ಆನ್‌ಜಿ ತಾಲ್ಲೂಕಿನ ಯೂಚುನ್ ಹಳ್ಳಿಯಲ್ಲಿ ಹಸಿರು ಬೆಟ್ಟ, ತಿಳಿನೀರುಗಳೇ ಚಿನ್ನದ ಬೆಟ್ಟ, ಬೆಳ್ಳಿಯ ಬೆಟ್ಟವೆಂಬ ಮಾತನ್ನು ಮುಂದಿಟ್ಟರು. 2017ರಲ್ಲಿ ಅದು ಪಕ್ಷದ ಸಂವಿಧಾನವನ್ನೂ ಸೇರಿತು. ಅಭಿಜಾತ ದ್ವಿಪದಿಯ ಸಮತೋಲವಿರುವ ಈ ಘೋಷಣೆಯ ಪರಿಸರ ಕಾಳಜಿ ಸ್ವಾಗತಾರ್ಹವೇ. ಎರಡರಲ್ಲಿ ಒಂದನ್ನೇ ಆರಿಸಬೇಕಾಗಿ ಬಂದರೆ ಹಸಿರನ್ನೇ ಆರಿಸುವೆವೆಂಬ ಮಾತು 2013ರ ಭಾಷಣದಲ್ಲಿ ಇದರ ಜೊತೆಗೇ ಬಂದಿತ್ತು. ಆದರೆ ಜನಮನದಲ್ಲಿ, ಗೋಡೆಗಳ ಮೇಲೆ ಉಳಿದದ್ದು ಸಮೀಕರಣದ ಭಾಗ. ದು ಫು ಪತ್ರವನ್ನು ಚಿನ್ನದ ಎದುರು ಇಟ್ಟದ್ದು ಚಿನ್ನದ ಅಸಹಾಯಕತೆಯನ್ನು ತೋರಿಸಲು. ಇಲ್ಲಿ ಬೆಟ್ಟವನ್ನು ಚಿನ್ನದ ಪಕ್ಕದಲ್ಲಿ ಇಟ್ಟಿರುವುದು ಬೆಟ್ಟಕ್ಕೆ ಬೆಲೆಯುಂಟೆಂದು ನಂಬಿಸಲು. ಬೆಲೆಯ ಭಾಷೆಯಲ್ಲಿ ರಕ್ಷಿಸಲ್ಪಟ್ಟ ವಸ್ತುವಿಗೆ ಬೆಲೆ ಕುಸಿದ ದಿನ ರಕ್ಷಣೆ ಎಲ್ಲಿಂದ ಬರಬೇಕು ಎಂಬ ಪ್ರಶ್ನೆ ಚೀನಾಕ್ಕೆ ಮಾತ್ರ ಸೀಮಿತವಾದುದಲ್ಲ.

7. ಸಮಾರೋಪ

ಈ ವಿವೇಚನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಚೀನೀ ಕಾವ್ಯದ ‘ಜಿನ್’ ಪದವನ್ನು ಎಲ್ಲೆಡೆ ಚಿನ್ನವೆಂದೇ ಓದುವುದು ಋತು, ಲೋಹ, ಮೊತ್ತಗಳ ಭಿನ್ನ ಅರ್ಥಗಳನ್ನು ಮರೆಮಾಡುತ್ತದೆ. ಎರಡನೆಯದಾಗಿ, ಶ್ರೇಷ್ಠ ಕವಿತೆಗಳಲ್ಲಿ ಚಿನ್ನವು ಬೆಲೆಗೆ ಸಿಗದುದನ್ನು ಹೇಳಲು ಬಳಕೆಯಾದ ಅಳತೆಗೋಲು. ಆ ಅಳತೆಗೋಲೇ ಮೌಲ್ಯವಾಗುವ ಪ್ರಕ್ರಿಯೆ ಪರೀಕ್ಷಾ ಪದ್ಧತಿಯ ಪ್ರೋತ್ಸಾಹಪದ್ಯದಲ್ಲೇ ಮೊಳೆತು ಇಂದಿನ ಘೋಷಣೆಗಳಲ್ಲಿ ಬೆಳೆದಿದೆ. ಮೂರನೆಯದಾಗಿ, ಈ ಎರಡು ಪ್ರವೃತ್ತಿಗಳ ನಡುವೆ ದುಡಿಯುವವರ ಚಿನ್ನವೊಂದಿದೆ. ಹೊಳೆಯಲ್ಲಿ ಮರಳು ಸೋಸಿದ ಹೆಂಗಸರು, ಪರರ ಮದುವೆಗೆ ಕಸೂತಿ ಹಾಕಿದ ಹುಡುಗಿ, ಚಿನ್ನದ ಬೆಟ್ಟಕ್ಕೆ ಹೋದವನಿಗಾಗಿ ಕಾದ ಹೆಂಡತಿ ಈ ಪರಂಪರೆಗೆ ಸೇರಿದವರು. ಅವರಿಗೆ ಚಿನ್ನ ತಿರಸ್ಕರಿಸಬೇಕಾದ ವಸ್ತುವೂ ಅಲ್ಲ, ಆರಾಧಿಸಬೇಕಾದ ಮೌಲ್ಯವೂ ಅಲ್ಲ. ಬದುಕಿಗಾಗಿ ಮುಟ್ಟಿದ, ತಮ್ಮ ಕೈಯಲ್ಲಿ ಉಳಿಯದ ವಸ್ತು. ಅಭಿಜಾತ ಕಾವ್ಯದ ಆಧುನಿಕ ಮೌಲ್ಯವನ್ನು ಕುರಿತ ಚರ್ಚೆಗಳು ಇನ್ನು ಮುಂದೆ ಈ ಕೈಗಳಿಂದ ಆರಂಭವಾಗುವುದು ಉಚಿತ.